ಗಿಳಿಯ ದೆಸೆಯಿಂದ ಕಲಿತ ದಾರಿ

ಪ್ರವಾಸ ಲೇಖನ ಎಂದರೆ ಕಾಶಿ, ಕಾಶ್ಮೀರ, ಇಲ್ಲವೇ ಮಕ್ಕಳಿರುವ ಅಮೆರಿಕ ಎಂದು ನೀವು ಅಂದುಕೊಂಡಿದ್ದರೆ ತಪ್ಪೇನಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ! ನಾನು ಹೇಳಹೊರಟಿರುವುದು ಬರೀ ಮೂರು ಊರುಗಳ ಮಾತು. ಮಂಡ್ಯ ನಾನು ಸೇರಿದ ಮನೆ, ಮಳವಳ್ಳಿಯ ಕಡೆ ನನ್ನ ತವರು, ನಡುವೆ ಮದ್ದೂರು. ಇಪ್ಪತ್ತೈದು ವರ್ಷ ಬಸ್ಸಿನ ಕಿಟಕಿಯಲ್ಲಿ ತೂಕಡಿಸುತ್ತಾ ಓಡಾಡಿದ ಈ ದಾರಿಯನ್ನು ನಾನು ಕಣ್ಣು ಬಿಟ್ಟು ನೋಡಿದ್ದು ಈಚೆಗೆ, ಅದೂ ಒಂದು ಗಿಳಿಯ ದೆಸೆಯಿಂದ.

ಮೊದಲು ಮನೆಯ ಸುದ್ದಿ. 2021ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಬೇಸತ್ತ ಮಗ ಒಂದು ದಿನ ಪಂಜರ ಹಿಡಿದುಕೊಂಡು ಬಂದ. ಒಳಗೆ ಹಸಿರು ಒಂದು, ನೀಲಿ ಒಂದು, ಪುಟಾಣಿ ಹಕ್ಕಿಗಳು. ‘ಅಮ್ಮಾ, ಲವ್ ಬರ್ಡ್ಸ್!’ ಎಂದ. ಮರುವರ್ಷ ಅವನು ಇಂಜಿನಿಯರಿಂಗ್ ಓದಲು ಹೊರಟುಹೋದ. ಹಕ್ಕಿಗಳು ನನ್ನ ಪಾಲಿಗೆ ಉಳಿದವು. ನಿಮ್ಮ ಮನೆಯಲ್ಲೂ ಹೀಗೇ ತಾನೆ? ಮಕ್ಕಳು ತರುವುದು, ತಾಯಂದಿರು ಸಾಕುವುದು!

ಎಸ್ಸೆಸ್ಸೆಲ್ಸಿ ಓದಿದ ನಾನು ಆಮೇಲೆ ಹೊಸದಾಗಿ ಏನಾದರೂ ಕಲಿತಿದ್ದರೆ ಅದು ಈ ಹಕ್ಕಿಗಳಿಂದಲೇ. ನಾವು ಲವ್ ಬರ್ಡ್ಸ್ ಎಂದು ಕರೆಯುವ ಇವುಗಳ ನಿಜವಾದ ಹೆಸರು ಬಡ್ಜಿ, ಮೂಲ ಆಸ್ಟ್ರೇಲಿಯಾ. ನಿಜವಾದ ಲವ್ ಬರ್ಡ್ ಆಫ್ರಿಕಾ ಕಡೆಯದು. ದೊಡ್ಡ ಬಡ್ಜಿಗಳಲ್ಲಿ ಕೊಕ್ಕಿನ ಮೇಲಿನ ಮೂಗಿನ ಭಾಗ ನೀಲಿಯಾಗಿದ್ದರೆ ಸಾಮಾನ್ಯವಾಗಿ ಗಂಡು, ಕಂದು ಬಣ್ಣವಿದ್ದರೆ ಹೆಣ್ಣು. ನಮ್ಮ ನವಣೆ ಅವಕ್ಕೆ ಬಲು ಇಷ್ಟ, ಜೊತೆಗೆ ತೊಳೆದ ಕೊತ್ತಂಬರಿ ಸೊಪ್ಪು ಇಟ್ಟರೆ ಹಬ್ಬ. ಬೆಣ್ಣೆಹಣ್ಣು, ಚಾಕೊಲೇಟು, ಉಪ್ಪು ಹಾಕಿದ ಕುರುಕಲು ಮಾತ್ರ ಕೊಡಲೇಬಾರದು. ಪಂಜರದಲ್ಲಿ ಮಡಕೆ ಕಟ್ಟಿಕೊಟ್ಟರೆ ಅದರೊಳಗೆ ನಾಲ್ಕಾರು ಮೊಟ್ಟೆ ಇಡುತ್ತವೆ, ಸುಮಾರು 18 ದಿನಕ್ಕೆ ಮರಿ. ಇಷ್ಟನ್ನೂ ಒಂದು ನೂರು ಪುಟದ ನೋಟ್ ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ. ಹಾಲಿನ ಲೆಕ್ಕ, ಚೀಟಿ ಲೆಕ್ಕ ಬಿಟ್ಟರೆ ನಾನು ಪೆನ್ನು ಹಿಡಿದು ಯಾವ ಕಾಲವಾಗಿತ್ತೋ!

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ, ನಿಮಗೆ ಹಾಗಾಗದಿರಲಿ. ಪಂಜರವನ್ನು ಅಡುಗೆಮನೆಯ ಕಿಟಕಿಯ ಹತ್ತಿರ ತೂಗುಹಾಕಿದ್ದೆ. ಒಂದು ಬೆಳಿಗ್ಗೆ ನಾನ್‌ಸ್ಟಿಕ್ ಕಾವಲಿಯನ್ನು ಒಲೆಯ ಮೇಲಿಟ್ಟು ಫೋನಿಗೆ ಓಡಿದೆ. ಮಾತು ಮುಗಿಸಿ ಬರುವಷ್ಟರಲ್ಲಿ ಕಾವಲಿ ಕಾದು ಹೊಗೆಯಾಡುತ್ತಿತ್ತು. ನೋಡನೋಡುತ್ತಾ ನೀಲಿ ಹಕ್ಕಿ ಕೋಲಿನಿಂದ ಕೆಳಗೆ ಬಿತ್ತು. ಇನ್ನೊಂದನ್ನು ಎದೆಗವಚಿಕೊಂಡು ಪಶು ಆಸ್ಪತ್ರೆಗೆ ಹೋದೆ, ಅದು ಉಳಿಯಿತು. ಆ ಲೇಪ ಅತಿಯಾಗಿ ಕಾದಾಗ ಬರುವ ಹೊಗೆ ನಮಗೆ ಅಷ್ಟಾಗಿ ಗೊತ್ತಾಗದಿದ್ದರೂ ಹಕ್ಕಿಗಳ ಶ್ವಾಸಕೋಶಕ್ಕೆ ವಿಷವಂತೆ. ಹಕ್ಕಿ ಸಾಕಿದವರು ದಯವಿಟ್ಟು ಪಂಜರವನ್ನು ಅಡುಗೆಮನೆಯಿಂದ ದೂರ ಇಡಿ.

ಅಲ್ಲೇ ಡಾಕ್ಟರರ ಹತ್ತಿರ ಮಾತಿಗೆ ಮಾತು ಬಂದು, ‘ನಮ್ಮ ತವರಿನಲ್ಲೂ ಒಂದು ಗಿಳಿ ಇದೆ ಸಾರ್, ಒಂಬತ್ತು ವರ್ಷವಾಯಿತು, ಚೆನ್ನಾಗಿ ಮಾತಾಡುತ್ತೆ’ ಎಂದೆ. ಅವರು ಕನ್ನಡಕ ತೆಗೆದು, ‘ಬಡ್ಜಿ ಸಾಕಬಹುದಮ್ಮ, ಅದು ಪಂಜರದಲ್ಲೇ ತಲೆಮಾರು ಕಂಡದ್ದು. ನಮ್ಮ ನಾಡಿನ ಗಿಳಿ ಕಾಡುಹಕ್ಕಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ’ ಎಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲೇ ಗಿಳಿಗೆ ರಕ್ಷಣೆಯಿದೆ. ನಮ್ಮ ದೇಶದ ಹಕ್ಕಿಗಳ ವ್ಯಾಪಾರ 1990ರ ಸುಮಾರಿಗೇ ನಿಂತುಹೋಗಬೇಕಿತ್ತು. ತಿದ್ದುಪಡಿಯಾದ ಕಾಯಿದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ, ತಪ್ಪಿದರೆ ಜೈಲು, ದಂಡ ಎರಡೂ ಉಂಟು. ಗಿಳಿಶಾಸ್ತ್ರದವನ ಪೆಟ್ಟಿಗೆಯ ಗಿಳಿಗೂ ಇದೇ ಕಾನೂನು.

ನನ್ನ ಕೈಕಾಲು ತಣ್ಣಗಾದವು. ಕಾನೂನಿನ ಭಯ ಒಂದು ಕಡೆ ಇರಲಿ, ಅವ್ವನಿಗೆ ಇದನ್ನು ಹೇಳುವುದು ಹೇಗೆ? ಆ ಗಿಳಿ ಎಂಥದ್ದು ಎಂದು ನಿಮಗೆ ಹೇಳಿದರೆ ತಾನೆ ಗೊತ್ತಾಗುವುದು.

2014ರಲ್ಲಿ ತೋಟದ ಒಣ ತೆಂಗಿನಮರ ಉರುಳಿದಾಗ ಅದರ ಪೊಟರೆಯಲ್ಲಿ ಸಿಕ್ಕ ಮರಿ ಅದು. ಅಪ್ಪ ಪಂಚೆಯ ಅಂಚಿನಲ್ಲಿ ಸುತ್ತಿಕೊಂಡು ತಂದು, ಬೆರಳಲ್ಲಿ ಅನ್ನ ಕಿವುಚಿ ತಿನ್ನಿಸಿ ಸಾಕಿದರು. ಎರಡು ಮೂರು ವರ್ಷಕ್ಕೆ ಕೊರಳಿಗೆ ಗುಲಾಬಿ ಬಣ್ಣದ ಪಟ್ಟಿ ಬಂದು, ಗಂಡೆಂದು ತಿಳಿಯಿತು. ದಿನಾ ಸಂಜೆ ನಾಲ್ಕಕ್ಕೆ ಅಪ್ಪ ಜಗುಲಿಯಿಂದ, ‘ಇವ್ಳೇ, ಕಾಪಿ ಆಯ್ತಾ?’ ಎಂದು ಕೂಗುತ್ತಿದ್ದರು. ಗಿಳಿಯೂ ಕಲಿತುಕೊಂಡಿತು. ಅದೇ ರಾಗ, ಅದೇ ಎಳೆತ. 2021ರಲ್ಲಿ ಅಪ್ಪ ತೀರಿಕೊಂಡರು. ಗಿಳಿ ಮಾತ್ರ ಸಂಜೆ ನಾಲ್ಕಕ್ಕೆ ಕೂಗುವುದನ್ನು ಬಿಡಲಿಲ್ಲ. ಅವ್ವ ಒಳಗಿನಿಂದ, ‘ಬಂದೆ ಇರ್ರಿ’ ಎಂದು ಉತ್ತರ ಕೊಡುತ್ತಿದ್ದಳು. ಈಗ ಹೇಳಿ, ಅದನ್ನು ಕೊಟ್ಟುಬಿಡು ಎಂದು ಯಾವ ಬಾಯಲ್ಲಿ ಹೇಳಲಿ?

ಫೋನಿನಲ್ಲಿ ಆಗುವ ಮಾತಲ್ಲ. ಹೋಗಿಬರಬೇಕು, ಒಂದು ಸಲವಲ್ಲ, ಹತ್ತು ಸಲ. ಬಸ್ಸಿಗೆ ಕಾಯುತ್ತಾ ಕೂತರೆ ಸಂಜೆ ಮನೆಗೆ ಬರುವಷ್ಟರಲ್ಲಿ ಕತ್ತಲೆ. ಮಗನ ಸ್ಕೂಟರು ಮನೆಯ ಮುಂದೆ ಧೂಳು ತಿನ್ನುತ್ತಿತ್ತು. ನಲವತ್ತಮೂರನೆಯ ವಯಸ್ಸಿನಲ್ಲಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಲಿಯಹೊರಟೆ. ಬೆಳಗಿನ ಆರಕ್ಕೆ, ಯಾರೂ ಏಳುವ ಮುಂಚೆ, ನಮ್ಮ ಬಡಾವಣೆಯ ಖಾಲಿ ಸೈಟುಗಳ ನಡುವೆ ಅಭ್ಯಾಸ. ಎರಡು ಸಲ ಬಿದ್ದೆ, ಮೊಣಕಾಲು ತರಚಿತು. ನಮ್ಮವರು ‘ಇದೆಲ್ಲ ಬೇಕಿತ್ತೇ?’ ಎನ್ನುತ್ತಲೇ ಅರಿಶಿನ ತಂದುಕೊಟ್ಟರು. ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಿ ಲೈಸೆನ್ಸು ಕೈಗೆ ಬಂದ ದಿನ ಮನೆಯಲ್ಲಿ ಪಾಯಸ. ಆದರೂ ಹಿಂದೆ ಕೂರಲು ನಮ್ಮವರಿಗೆ ಇವತ್ತಿಗೂ ಧೈರ್ಯವಿಲ್ಲ ಅನ್ನಿ!

ಬೆಳಗಿನ ಆ ಅಭ್ಯಾಸದಲ್ಲೇ ನಾನು ಮಂಡ್ಯದ ಗಿಳಿಗಳನ್ನು ಮೊದಲು ನೋಡಿದ್ದು. ಕತ್ತಲು ಹರಿಯುವ ಹೊತ್ತಿಗೆ ದೊಡ್ಡ ಮರಗಳಿಂದ ಕೀ ಕೀ ಎಂದು ಗುಂಪು ಗುಂಪಾಗಿ ಗದ್ದೆಗಳ ಕಡೆ ಹಾರುತ್ತವೆ, ಸಂಜೆ ಹಾಗೇ ತಿರುಗಿ ಬರುತ್ತವೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆ ಭತ್ತ, ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದೂ ಆ ಕಬ್ಬನ್ನು ನಂಬಿಯೇ. ಭತ್ತ ಹಾಲುಗಟ್ಟಿದರೆ ಮನುಷ್ಯರಿಗಿಂತ ಮೊದಲು ಗಿಳಿಗೆ ಗೊತ್ತು. ನನ್ನ ತಮ್ಮ ಗದ್ದೆಯ ಬದುವಿನಲ್ಲಿ ತಗಡು ಬಡಿದು ಓಡಿಸುವುದೂ ಇದೇ ಗಿಳಿಯನ್ನೇ, ಮನೆಗೆ ಬಂದು ಸೀಬೆಹಣ್ಣು ಕತ್ತರಿಸಿ ಕೊಡುವುದೂ ಇದೇ ಗಿಳಿಗೇ. ಎಷ್ಟು ವಿಚಿತ್ರ ನೋಡಿ, ಹೊರಗಿದ್ದರೆ ಕಳ್ಳ, ಒಳಗಿದ್ದರೆ ಮಗು!

2024ರ ಫೆಬ್ರವರಿಯ ಒಂದು ಭಾನುವಾರ ತವರಿಗೆ ಹೊರಟೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ನಮ್ಮಂಥವರಿಗೆ ಪಕ್ಕದ ಸರ್ವೀಸ್ ರಸ್ತೆಯೇ ಗತಿ. ನನಗೆ ಅದೇ ಒಳ್ಳೆಯದಾಯಿತು, ನಿಧಾನವಾಗಿ ನೋಡಿಕೊಂಡು ಹೋಗಬಹುದು. ಸುಮಾರು 20 ಕಿಲೋಮೀಟರಿಗೆ ಮದ್ದೂರು. ಕಾರುಗಳೆಲ್ಲ ಈಗ ಊರಿನ ಗೊಡವೆಯೇ ಇಲ್ಲದೆ ಹಾರಿಹೋಗುತ್ತವೆ, ವಡೆ ತಿನ್ನಬೇಕಾದರೆ ಬೇಕೆಂದೇ ಊರೊಳಗೆ ತಿರುಗಬೇಕು. ಮದ್ದೂರು ವಡೆ ಹುಟ್ಟಿದ್ದೂ ಅವಸರದಲ್ಲೇ ಎನ್ನುತ್ತಾರೆ. 1917ರ ಸುಮಾರಿನಲ್ಲಿ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ಪಕೋಡ ಕರಿಯುವಷ್ಟರಲ್ಲಿ ರೈಲು ಹೊರಡುತ್ತದೆಂದು ಅದೇ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ಗರಜು ಬಿದ್ದರೆ ಮನುಷ್ಯ ಏನನ್ನಾದರೂ ಕಲಿಯುತ್ತಾನೆ ಎಂದುಕೊಂಡು, ಅವ್ವನಿಗೆ ಆರು ವಡೆ ಕಟ್ಟಿಸಿಕೊಂಡೆ.

ಮಳವಳ್ಳಿಗೆ ತಿರುಗುವ ಮುಂಚೆ, ಬಹಳ ದಿನದಿಂದ ನೋಡಬೇಕೆಂದಿದ್ದ ಕೊಕ್ಕರೆ ಬೆಳ್ಳೂರಿಗೆ ಹೋದೆ. ಮದ್ದೂರಿನಿಂದ ಬೆಂಗಳೂರು ಕಡೆ ಸ್ವಲ್ಪ ದೂರ ಹೋಗಿ ರುದ್ರಾಕ್ಷಿಪುರದ ಹತ್ತಿರ ಬಲಕ್ಕೆ ತಿರುಗಿದರೆ ಆ ಹಳ್ಳಿ. ಮದ್ದೂರು ತಾಲ್ಲೂಕಿಗೇ ಸೇರಿದ್ದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟಿಕೊಂಡು ಮರಿ ಮಾಡುತ್ತವೆ. ಕೆಳಗೆ ದನ ಕಟ್ಟಿದ್ದಾರೆ, ರಂಗೋಲಿ ಹಾಕಿದ್ದಾರೆ, ಮೇಲೆ ಹಕ್ಕಿಯ ಸಂಸಾರ! ಗೂಡಿರುವ ಮರದ ಹುಣಿಸೆಹಣ್ಣನ್ನು ಊರವರು ಬಡಿಯುವುದಿಲ್ಲ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರಿನವರು ಅದಕ್ಕೆ ಎಷ್ಟೋ ಕಾಲ ಮುಂಚಿನಿಂದಲೂ ಹಾಗೇ ನಡೆದುಕೊಂಡು ಬಂದವರು.

ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರನ್ನು, ‘ಇಷ್ಟು ಗಲಾಟೆ, ವಾಸನೆ, ಬೇಜಾರಾಗಲ್ವಾ ಅಜ್ಜಿ?’ ಎಂದು ಕೇಳಿದೆ. ‘ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣವ್ವ ಇವು. ಬಂದ್ರೆ ಇರ್ಲಿ ಅಂತೀವಿ, ಹೊಂಟ್ರೆ ಹೋಗ್ಬನ್ನಿ ಅಂತೀವಿ. ಮಗಳು ಅಂತ ಕಟ್ಟಾಕ್ಕಂಡು ಮಡೀಕತೀವಾ?’ ಎಂದರು.

ಆ ಮಾತನ್ನು ಹೊತ್ತುಕೊಂಡೇ ಮದ್ದೂರಿಗೆ ತಿರುಗಿ ಬಂದು ಮಳವಳ್ಳಿಯ ರಸ್ತೆ ಹಿಡಿದೆ. ಕೆ.ಎಂ. ದೊಡ್ಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು, ಗಾಳಿಯಲ್ಲೆಲ್ಲ ಕಬ್ಬಿನ ಹಾಲಿನ ವಾಸನೆ. ಮಳವಳ್ಳಿ ದಾಟಿ ಶಿವನಸಮುದ್ರದ ಕಡೆ ಸ್ವಲ್ಪ ಹೋದರೆ ನಮ್ಮೂರು. ಗಗನಚುಕ್ಕಿ ನೋಡಲು ಹೋಗುವವರೆಲ್ಲ ನಮ್ಮೂರ ಮುಂದೆಯೇ ಹಾದುಹೋಗುತ್ತಾರೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತೆಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಸ್ಕೂಟರಿನಲ್ಲಿ ಬಂದಿಳಿದ ಮಗಳನ್ನು ನೋಡಿ ಅವ್ವ ಎದೆ ಮುಟ್ಟಿಕೊಂಡಳು. ವಡೆ ತಿಂದು, ಕಾಫಿ ಕುಡಿದು, ಮೆಲ್ಲಗೆ ವಿಷಯ ತೆಗೆದೆ. ‘ಏನವ್ವಾ ನೀ ಏಳೋದು? ನಿಮ್ಮಪ್ಪ ಓದ್ಮೇಲೆ ಈ ಮನೇಲಿ ನನ್ನ ಮಾತಾಡ್ಸೋದು ಇದೊಂದೇಯ. ಇದ್ನೂ ಕೊಟ್ಬುಟ್ಟು ನಾನು ಗ್ವಾಡೆ ಜೊತೆ ಮಾತಾಡ್ಲಾ?’ ಎಂದಳು. ನನಗೆ ಉತ್ತರ ತೋಚಲಿಲ್ಲ. ಬೆಳ್ಳೂರಿನ ಅಜ್ಜಿ ಹೇಳಿದ ಮಾತನ್ನು ಮಾತ್ರ ಹೇಳಿ, ಹೊತ್ತು ಮುಳುಗುವ ಮುಂಚೆ ಹೊರಟು ಬಂದೆ.

ಆಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದೆ. ಗಿಳಿಯ ಮಾತನ್ನೇ ಎತ್ತಲಿಲ್ಲ. ಸಂಜೆ ಇಬ್ಬರೂ ಹಿತ್ತಲಲ್ಲಿ ಕೂತು ತೆಂಗಿನಮರಗಳ ಮೇಲೆ ಹಾರುವ ಗಿಳಿಗಳನ್ನು ಎಣಿಸುತ್ತಿದ್ದೆವು, ನಾನು ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅವು ಕೂಗಿದಾಗಲೆಲ್ಲ ಪಂಜರದ ಗಿಳಿ ಮಾತು ನಿಲ್ಲಿಸಿ, ಸರಳಿಗೆ ಕೊಕ್ಕು ಕೊಟ್ಟು ಕೂಗುತ್ತಿತ್ತು. ಅದನ್ನು ಅವ್ವ ಒಂಬತ್ತು ವರ್ಷವೂ ಕೇಳಿದ್ದಳು, ನೋಡಿರಲಿಲ್ಲವಷ್ಟೆ. ನಾಲ್ಕನೆಯ ಭಾನುವಾರ ತಾನಾಗಿಯೇ, ‘ಅದರ ಬಳಗ ಕರೀತದೆ ಕಣವ್ವ. ಬಂದು ತಕೊಂಡೋಗಕ್ಕೆ ಏಳು’ ಎಂದಳು.

ಪಂಜರದ ಬಾಗಿಲು ತೆಗೆದು ಹಾರಿಬಿಟ್ಟರಾಯಿತು ಎಂದು ನೀವೂ ಅಂದುಕೊಳ್ಳಬೇಡಿ. ಕೈಯಲ್ಲಿ ಬೆಳೆದ ಗಿಳಿಗೆ ರೆಕ್ಕೆಯಲ್ಲಿ ಬಲವಿರುವುದಿಲ್ಲ, ಆಹಾರ ಹುಡುಕಲು ಬಾರದು, ಬೆಕ್ಕು ಹದ್ದಿನ ಹೆದರಿಕೆಯೂ ತಿಳಿಯದು. ಹಾಗೆ ಬಿಟ್ಟರೆ ಒಂದೆರಡು ದಿನದಲ್ಲೇ ಸಾಯಬಹುದು. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿ. ಇಲಾಖೆಯವರು ಬಂದು, ಮರ್ಯಾದೆಯಿಂದಲೇ ಮಾತಾಡಿ, ದೊಡ್ಡ ಪಂಜರದಲ್ಲಿ ಇತರ ಗಿಳಿಗಳ ಜೊತೆ ಇಟ್ಟು ಹಾರುವುದನ್ನು ರೂಢಿ ಮಾಡಿಸುತ್ತೇವೆ, ಆಗದಿದ್ದರೆ ಅಲ್ಲೇ ನೋಡಿಕೊಳ್ಳುತ್ತೇವೆ ಎಂದರು. ಆ ವಯಸ್ಸಿನಲ್ಲಿ ಅದೂ ಹೊಸದಾಗಿ ಕಲಿಯಬೇಕು ಪಾಪ, ನನ್ನ ಹಾಗೆ.

ಹಿಂದಿನ ದಿನ ಅಪ್ಪನ ದನಿಯನ್ನು ಫೋನಿನಲ್ಲಿ ಹಿಡಿದಿಡೋಣವೆಂದು ಎರಡು ಗಂಟೆ ಪಂಜರದ ಮುಂದೆ ಕೂತೆ. ಪುಣ್ಯಾತ್ಮ ಬಾಯಿಬಿಡಲೇ ಇಲ್ಲ! ಕೊನೆಗೆ ಸಿಕ್ಕಿದ್ದು ಕುಕ್ಕರಿನ ಸೀಟಿಯ ಅನುಕರಣೆ ಒಂದೇ. ಅವ್ವ ನಕ್ಕು, ‘ಬುಡು, ಅವರ ದನಿ ನಂಗೊತ್ತಿಲ್ವಾ’ ಎಂದಳು.

ಈಗ ಆ ಪಂಜರದಲ್ಲಿ ಅವ್ವ ಬೆಳ್ಳುಳ್ಳಿ ಇಡುತ್ತಾಳೆ. ಹಿತ್ತಲ ಗೋಡೆಯ ಮೇಲೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರು ಇಟ್ಟಿದ್ದಾಳೆ, ದಿನಾ ತೊಳೆದು ತುಂಬುತ್ತಾಳೆ. ಗಿಳಿಗಳು ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಎಷ್ಟು ಬಂದವು ಎಂದು ರಾತ್ರಿ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ನನ್ನದು ಮೂರನೆಯ ನೋಟ್ ಬುಕ್ಕು.

ನಿಮ್ಮ ಮನೆಯಲ್ಲೂ ಪಂಜರದ ಗಿಳಿ ಇದ್ದರೆ ನಾನು ಬೈಯುವುದಿಲ್ಲ. ಪ್ರೀತಿಯಿಂದಲೇ ಸಾಕಿರುತ್ತೀರಿ. ಒಂದು ಸಂಜೆ ಹೊರಗಿನ ಗಿಳಿಗಳು ಹಾರುವ ಹೊತ್ತಿಗೆ ಅದರ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ, ಅಷ್ಟೇ ನಾನು ಕೇಳುವುದು.

ಅವ್ವ ಇವತ್ತಿಗೂ ಸಂಜೆ ನಾಲ್ಕಕ್ಕೆ ಎರಡು ಲೋಟ ಕಾಫಿ ಮಾಡುತ್ತಾಳೆ. ಭಾನುವಾರಗಳಲ್ಲಿ ಎರಡನೆಯದು ನನಗೆ.