ಮಂಗಳದವರು ಇಳಿದ ಊರು

ಪ್ರಿನ್ಸ್‌ಟನ್‌ವರೆಗೂ ಬಂದು ಗ್ರೋವರ್ಸ್ ಮಿಲ್ ನೋಡದೆ ಹೋಗೋದುಂಟಾ? ಒಂದು ಕೆರೆ, ಪುಟ್ಟ ಪಾರ್ಕು, ಅಷ್ಟೇ. 1938ರ ಅಕ್ಟೋಬರ್ 30ರ ರಾತ್ರಿ, ಆರ್ಸನ್ ವೆಲ್ಸ್‌ನ ರೇಡಿಯೊ ನಾಟಕದಲ್ಲಿ ಮಂಗಳ ಗ್ರಹದವರು ಇಳಿದದ್ದು ಇಲ್ಲೇ. ಹಿಂದಿನ ತಿಂಗಳಷ್ಟೇ ಹಿಟ್ಲರ್‌ನ ಸುದ್ದಿಗಾಗಿ ಕಾರ್ಯಕ್ರಮಗಳು ನಡುನಡುವೆ ನಿಲ್ಲುತ್ತಿದ್ದವು; ನಾಟಕವೂ ಹಾಗೇ ಸಂಗೀತ ನಿಲ್ಲಿಸಿ ‘ಸುದ್ದಿ’ ಓದಿತು. ಕೆಲವರು ನಂಬಿದರು. ನೀರಿನ ಟ್ಯಾಂಕಿಗೆ ಗುಂಡು ಹೊಡೆದರಂತೆ! (ದೇಶವೇ ಬೆಚ್ಚಿ ಓಡಿತು ಅನ್ನೋದು ಮಾತ್ರ ಪತ್ರಿಕೆಗಳು ಉಬ್ಬಿಸಿದ್ದು.)

ನಕ್ಕೆ. ಆಮೇಲೆ, ಗಡಿಯಲ್ಲಿ ಗುಂಡಿನ ಸದ್ದಿದ್ದ ದಿನಗಳಲ್ಲಿ ಫ್ಯಾಮಿಲಿ ಗ್ರೂಪಿಗೆ ನಾನೇ ಕಳಿಸಿದ್ದ ಸುಳ್ಳು ವಿಡಿಯೊ ನೆನಪಾಯ್ತು. ಅಮ್ಮ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಪಾರ್ಕಿನ ಕಂಚಿನ ಫಲಕದಲ್ಲಿ ರೇಡಿಯೊ ಕೇಳುತ್ತಾ ಕೂತ ಕುಟುಂಬವಿದೆ. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.

‘ಇದಾದ್ರೂ ನಿಜವೇನೋ?’ ಅಂತ ಉತ್ತರ ಬಂತು.