ಅನಿಮಿಷ ದೃಷ್ಟಿ

ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ರೆಪ್ಪೆ ಮಿಟುಕಿಸದೆ ನೋಡುವುದೇ ದೃಷ್ಟಿಯೋಗ. ಅಲ್ಲಮಪ್ರಭುದೇವರಿಗೆ ಲಿಂಗ ದೊರೆತದ್ದು ಅನಿಮಿಷನೆಂಬ ಗುರುವಿನ ಕರಸ್ಥಲದಿಂದ. ಹೆಸರೇ ಸಾಧನೆಯನ್ನು ಹೇಳುತ್ತದೆ.

ಜವಳಗೇರಾದ ಸದ್ಭಕ್ತರೊಬ್ಬರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ವಯಸ್ಸು 42, ಕನ್ನಡಕ ಮೈನಸ್ 4. ರಾಶಿಯ ಧೂಳು, ಗಾಜಿನ ಮೇಲೆ ಇಳಿಯುವ ಬೆವರುಗಳಿಂದ ಬೇಸತ್ತು ಲೇಸರ್ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋದರು.

ವೈದ್ಯರ ಮಾತು ಅವರನ್ನು ಚಿಂತೆಗೀಡುಮಾಡಿತು. ಇಂಥ ಸಮೀಪದೃಷ್ಟಿಗೆ ಕನ್ನಡಕವಿಲ್ಲದೆಯೇ 25 ಸೆಂಟಿಮೀಟರ್ ದೂರದ ವಸ್ತು ಸ್ಪಷ್ಟ. ಅಂಗೈಯ ಲಿಂಗವಿರುವುದೂ ಸುಮಾರು ಅಷ್ಟೇ ದೂರದಲ್ಲಿ. ಲೇಸರು ಕಾರ್ನಿಯಾದ ಬಾಗನ್ನು ತಿದ್ದಿ ದೂರದ ನೋಟವನ್ನು ಕೊಡಬಲ್ಲದು. 40 ದಾಟಿದ ಕಣ್ಣಿನ ಮಸೂರ ಗಡುಸಾಗುವುದನ್ನು ತಡೆಯಲಾರದು. ಹೊಲ ನಿಚ್ಚಳವಾದೀತು, ಲಿಂಗ ಮಸುಕಾದೀತು! ಅವರು ಎರಡು ತಿಂಗಳು ತಡೆದರು.

ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಕ್ರಮವುಂಟು. ಕಾಂಟ್ಯಾಕ್ಟ್ ಲೆನ್ಸ್ ಧರಿಸಿ ಅದನ್ನು ಮೊದಲು ಪರೀಕ್ಷಿಸಿಕೊಂಡರು. ಪೂಜೆಗೂ ಹಾಗೆಯೇ ಕುಳಿತರು. ಕಡೆಗೆ ಬಲಗಣ್ಣನ್ನು ಪೂರ್ಣವಾಗಿ ತಿದ್ದಿಸಿ, ಎಡಗಣ್ಣಿನಲ್ಲಿ ತುಸು ಸಮೀಪದೃಷ್ಟಿಯನ್ನು ಉಳಿಸಿಕೊಂಡರು.

ಚಿಕಿತ್ಸೆಯ ಮಂಚದಲ್ಲಿ ರೆಪ್ಪೆಗಳನ್ನು ಚಿಮಟಿಯಂಥ ಸಾಧನವೊಂದು ಅಗಲಿಸಿ ಹಿಡಿದಿತ್ತು. ಮಿನುಗುವ ದೀಪವನ್ನೇ ನೋಡುತ್ತಿರಿ ಎಂದರು ವೈದ್ಯರು. ಕಿರಣದ ಕೆಲಸ ಕೆಲವೇ ಕ್ಷಣಗಳದು. ಅಷ್ಟರಲ್ಲಿ ನೋಟ ಕದಲಬಾರದು. ಇಪ್ಪತ್ತು ವರ್ಷಗಳ ನಿತ್ಯಪೂಜೆ ಅಲ್ಲಿ ಒದಗಿಬಂದಿತು.

ಬಳಿಕ ಕಣ್ಣಿಗೆ ನೀರಾಗಲಿ ಭಸ್ಮದ ಧೂಳಾಗಲಿ ತಾಗಬಾರದೆಂಬ ಕಟ್ಟಳೆ. ಕೆಲದಿನ ಮಡದಿಯೇ ವಿಭೂತಿಯನ್ನು ನೀರಿನಲ್ಲಿ ಕಲಸಿ ಹಣೆಗೆ ಹಚ್ಚಿದರು. ಈಗ ಗದ್ದೆಯ ಬದು ಬರಿಗಣ್ಣಿಗೆ ಕಾಣುತ್ತದೆ. ಸಂಜೆ ಕರಡಿಗೆಯಿಂದ ಲಿಂಗವನ್ನು ತೆಗೆದಾಗ ಮಾತ್ರ ಅಂಗೈಯನ್ನು ಮೊದಲಿಗಿಂತ ನಾಲ್ಕು ಬೆರಳು ದೂರ ಹಿಡಿಯುತ್ತಾರೆ.