ತಿರುಮಣಿಯ ಕೆರೆದಂಡೆಯಲ್ಲಿ ಒಂದು ಭಾನುವಾರ

‘ಗಾಳ ಹಾಕಲು ಪಾವಗಡಕ್ಕೆ ಹೋಗುವುದೇ?’ ಎಂದು ನನ್ನ ಸಹೋದ್ಯೋಗಿಗಳು ನಕ್ಕರು. ನಗು ಬಂದದ್ದು ಸಹಜ. ಬರಕ್ಕೆ ಹೆಸರಾದ ಸೀಮೆ ಅದು. ನೀರಿಗೇ ತತ್ವಾರವಾದಲ್ಲಿ ಮೀನಿನ ಮಾತೆಲ್ಲಿ! ಆದರೆ 2022ರ ಮಳೆಗಾಲ ಆ ಸೀಮೆಗೆ ಕರುಣೆ ತೋರಿತ್ತು. ಮರುವರ್ಷ ಸಂಕ್ರಾಂತಿ ಕಳೆದ ಭಾನುವಾರ, ತಿರುಮಣಿಯ ಗೆಳೆಯನ ಕರೆಗೆ ಓಗೊಟ್ಟು, ಪತ್ನಿಯನ್ನೂ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ತುಮಕೂರಿನಿಂದ ಹೊರಟೆ.

ಊರು ಹತ್ತಿರವಾಗುತ್ತಲೇ ಮಗ, ‘ಅಪ್ಪಾ, ಅಗೋ ಕೆರೆ!’ ಎಂದು ಕೂಗಿದ. ಅವನು ಕಂಡದ್ದು ನೀರನ್ನಲ್ಲ, ಬಿಸಿಲಿಗೆ ಹೊಳೆಯುತ್ತಿದ್ದ ಸೌರಫಲಕಗಳನ್ನು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಈ ಸೌರ ಉದ್ಯಾನ 2018ರಲ್ಲಿ ಆರಂಭವಾಯಿತು. ಸಾಮರ್ಥ್ಯ 2,050 ಮೆಗಾವಾಟ್. ತೆಲುಗಿನಲ್ಲಿ ಚೆರುವು ಎಂದರೆ ಕೆರೆ. ಸಮುದ್ರವೆಂದರೂ ನಮ್ಮ ಹಿರಿಯರ ಬಾಯಲ್ಲಿ ಕೆರೆಯೇ. ನೀರಿನ ಹೆಸರು ಹೊತ್ತ ಊರುಗಳು ಈಗ ಬಿಸಿಲನ್ನು ಬೆಳೆಯುತ್ತಿವೆ! ಗೆಳೆಯನ ತಂದೆಯೂ ತಮ್ಮ ಹೊಲವನ್ನು ಗುತ್ತಿಗೆಗೆ ಕೊಟ್ಟವರೇ.

ಕೆರೆಯ ಮೀನು ಹಿಡಿದ ಗುತ್ತಿಗೆದಾರನ ಒಪ್ಪಿಗೆ ಪಡೆದು ದಂಡೆಯ ಹುಣಸೆಯ ನೆರಳಿನಲ್ಲಿ ಕುಳಿತೆವು. ಹಿರಿಯರು ರಾಗಿಹಿಟ್ಟನ್ನು ಮಿದ್ದು ಕೊಕ್ಕೆಗೆ ಸಿಕ್ಕಿಸಿ, ಮಗನ ಕೈಗೆ ಗಾಳದ ಕೋಲು ಕೊಟ್ಟರು. ‘ಕಾಟ್ಲಾ ಮೇಲಿನ ನೀರಿನದು, ರೋಹು ನಡುವಿನದು, ಮೃಗಾಲ್ ಕೆಸರು ಕೆದಕುವುದು. ಬೆಂಡು ಕುಣಿದರೆ ಎಳೆಯಬೇಡ ಕಣಪ್ಪ, ಅದು ಮರಿಗಳ ಚೇಷ್ಟೆ. ಮುಳುಗಿದಾಗ ಎಳೆ.’ ಮನೆಯಲ್ಲಿ ಐದು ನಿಮಿಷ ಸುಮ್ಮನೆ ಕೂರದ ಹುಡುಗ ಒಂದು ಗಂಟೆ ಉಸಿರು ಬಿಗಿಹಿಡಿದು ಕುಳಿತಿದ್ದ! ಹೆಂಗಸರ ಮಾತೂ ತಾನಾಗಿಯೇ ಪಿಸುಮಾತಾಯಿತು. ಕೊನೆಗೆ ಬೆಂಡು ಮುಳುಗಿತು. ಗೇಣುದ್ದದ ಜಿಲೇಬಿ ಮೀನೊಂದು ದಂಡೆಯ ಮೇಲೆ ಮಿಡುಕಿತು. ಮಗನ ಕೂಗಿಗೆ ಬೆಳ್ಳಕ್ಕಿಗಳು ಹಾರಿದವು.

ಮಧ್ಯಾಹ್ನ ಮೂರು ಕಲ್ಲುಗಳ ಒಲೆಯ ಮೇಲೆ ಸಾರು ಕುದಿಯಿತು. ಜೊತೆಗೆ ಬಿಸಿ ಮುದ್ದೆ. ಊಟದ ನಡುವೆ ನಾನು ಕೇಳಿದೆ: ‘ಹೊಲದ ಕೆಲಸವಿಲ್ಲದೆ ಬೇಸರವಾಗುವುದಿಲ್ಲವೇ?’ ಹಿರಿಯರು ನೀರನ್ನೇ ನೋಡುತ್ತ, ‘ವರ್ಷಕ್ಕೊಮ್ಮೆ ದುಡ್ಡು ಬರುತ್ತೆ ಮೇಷ್ಟ್ರೇ, ಮಳೆ ಹಾಗೆ ಮೋಸ ಮಾಡಲ್ಲ. ಆದರೆ ಕೈಗೆ ಕೆಲಸ ಬೇಕಲ್ಲ? ಕೆರೆಯಲ್ಲಿ ನೀರಿರೋವರೆಗೆ ಇದೊಂದಿದೆ’ ಎಂದರು.

ಸಂಜೆ ಹೊರಟಾಗ ಮಗ ಕೋಲನ್ನು ಬಿಡಲೊಲ್ಲ. ಹಿರಿಯರು ನಗುತ್ತ ಅದನ್ನು ಪಡೆದು, ಮನೆಯ ಸೂರಿಗೆ ಸಿಕ್ಕಿಸಿದರು. ‘ಇದು ನಿಂದೇ ಕಣಪ್ಪ. ಮತ್ತೆ ಕೆರೆ ತುಂಬಿದಾಗ ಬಾ.’

ಅಂದಿನಿಂದ ಮೋಡ ಕವಿದ ದಿನವೆಲ್ಲ ಮಗನದು ಒಂದೇ ಪ್ರಶ್ನೆ: ‘ಅಪ್ಪಾ, ತಿರುಮಣಿಯಲ್ಲೂ ಮಳೆ ಬರುತ್ತಿರಬಹುದೇ?’